ಗೇರುಬೀಜ ಕಡೆದು ಮಾಡಿದ ಚಾಕಲೇಟ್ ಐಸ್‌ಕ್ರೀಮು

ನಮ್ಮ ಹಟ್ಟಿಯಲ್ಲಿ ಎರಡು ದನ ಇವೆ. ಅದರಲ್ಲಿ ಒಂದು ಕಾಸರಗೋಡು ಗಿಡ್ಡ. ನನ್ನ ಸೊಂಟದ ಹತ್ತಿರ ಬಂದು ನಿಲ್ಲುವಷ್ಟೇ ಎತ್ತರ, ಗತ್ತು ಮಾತ್ರ ಆನೆಯದ್ದು. ಇಂಥ ಮನೆಯಲ್ಲಿ ಕೂತು ಹಾಲಿಲ್ಲದ ಐಸ್‌ಕ್ರೀಮು ಮಾಡುತ್ತೇನೆ ಅಂದರೆ ಯಾರಿಗಾದರೂ ನಗು ಬರುತ್ತದೆ. ಅತ್ತೆಗೂ ಬಂತು. "ಹಾಲಿಲ್ಲದ್ದೆ ಐಸ್‌ಕ್ರೀಮು ಅಪ್ಪದು ಹೇಂಗೆ ಕೂಸೆ?" ಅಂತ ಕೇಳಿ, ನನ್ನ ಉತ್ತರಕ್ಕೂ ಕಾಯದೆ ಅಡಿಕೆ ಹೆಕ್ಕಲು ಹೋದರು.

ಕಾರಣ ನನ್ನ ಮಗಳು. ಒಂಬತ್ತು ವರ್ಷ. ಎರಡು ವರ್ಷದಿಂದ ಹಾಲು ಕುಡಿದರೆ ಸಾಕು, ಹೊಟ್ಟೆ ಉಬ್ಬರ, ನೋವು, ಆಮೇಲೆ ಶಾಲೆಗೆ ರಜೆ. ಮೊದಲು ಶಾಲೆಗೆ ಹೋಗದಿರಲು ನಾಟಕ ಅಂದುಕೊಂಡೆವು, ಪಾಪ. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಒಂದು ಸಕ್ಕರೆ ಇದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಬೇಕು. ಅದು ಕಮ್ಮಿಯಾದರೆ ಸಕ್ಕರೆ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ, ನಮಗೆ ಗ್ಯಾಸು. ಇವಳಿಗೆ ಮಜ್ಜಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ಹೆಪ್ಪಾಗುವಾಗ ಲ್ಯಾಕ್ಟೋಸ್ ಸ್ವಲ್ಪ ಖರ್ಚಾಗಿರುತ್ತದೆ ನೋಡಿ. ಹಾಲಿನ ಅಲರ್ಜಿ ಬೇರೆ, ಅದರಲ್ಲಿ ತಕರಾರು ಹಾಲಿನ ಪ್ರೋಟೀನಿನದ್ದು, ಒಂದು ಚಮಚ ಮಜ್ಜಿಗೆಯೂ ಅಪಾಯ ಆಗಬಹುದು. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಅವಳು ಹಾಲು ಬಿಟ್ಟಳು, ಪೇಡ ಬಿಟ್ಟಳು, ಪಾಯಸಕ್ಕೆ ನಮ್ಮಲ್ಲಿ ಹೇಗೂ ಕಾಯಿಹಾಲು. ಬಿಡಲಾಗದ್ದು ಐಸ್‌ಕ್ರೀಮು ಒಂದೇ. ಕಳೆದ ವರ್ಷ ಒಂದು ಮದುವೆಯಲ್ಲಿ ಕಪ್ಪಿನ ಮೇಲೆ "ಫ್ರೋಜನ್ ಡೆಸರ್ಟ್" ಅಂತ ಬರೆದದ್ದು ನೋಡಿ, ಇದು ಎಣ್ಣೆಯದ್ದು, ಹಾಲಿನದ್ದಲ್ಲ ಅಂತ ದೊಡ್ಡ ಜಾಣೆಯ ಹಾಗೆ ನಾನೇ ಅವಳಿಗೆ ಎರಡು ಕಪ್ಪು ತಿನ್ನಿಸಿದೆ. ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಆಮೇಲೆ ಗೊತ್ತಾಯಿತು. ನಮ್ಮ ದೇಶದ ನಿಯಮದ ಪ್ರಕಾರ ಐಸ್‌ಕ್ರೀಮು ಅಂತ ಕರೆಸಿಕೊಳ್ಳಲು ಹಾಲಿನ ಕೊಬ್ಬು ಕನಿಷ್ಠ ಶೇ 10 ಬೇಕು. ಫ್ರೋಜನ್ ಡೆಸರ್ಟಿನಲ್ಲಿ ಆ ಕೊಬ್ಬಿನ ಜಾಗಕ್ಕೆ ಸಸ್ಯದ ಎಣ್ಣೆ ಬರುತ್ತದೆ ಅಷ್ಟೆ. ಹಾಲಿನ ಪುಡಿ ಸಾಮಾನ್ಯವಾಗಿ ಅದರಲ್ಲೂ ಇರುತ್ತದೆ, ಲ್ಯಾಕ್ಟೋಸ್ ಕೂತಿರುವುದೇ ಅಲ್ಲಿ. ಹಾಗೆ ನೋಡಿದರೆ ನಾನು ಈಗ ಹೇಳಲು ಹೊರಟದ್ದನ್ನೂ ಕಾನೂನು ಐಸ್‌ಕ್ರೀಮು ಅಂತ ಒಪ್ಪುವುದಿಲ್ಲ. ನನ್ನ ಮಗಳು ಒಪ್ಪುತ್ತಾಳೆ, ನನಗೆ ಅಷ್ಟು ಸಾಕು.

ಪೇಟೆಯಲ್ಲಿ ಹಾಲಿಲ್ಲದ ಐಸ್‌ಕ್ರೀಮು ಸಿಗುವುದಿಲ್ಲ ಅಂತಲ್ಲ. ಮಂಗಳೂರಿಗೆ ಹೋಗಬೇಕು, ಸಣ್ಣ ಡಬ್ಬಿಗೆ ದೊಡ್ಡ ಬೆಲೆ ಕೊಡಬೇಕು, ತಲಪಾಡಿ ದಾಟಿ ನಮ್ಮ ಬದಿಯಡ್ಕ ಮುಟ್ಟುವುದರೊಳಗೆ ಅದು ಪಾಯಸ ಆಗಿರುತ್ತದೆ. ಒಂದು ಸಲ ಹಾಗೆ ತಂದ ಡಬ್ಬಿಯ ಹಿಂದೆ ಏನೇನು ಹಾಕಿದ್ದಾರೆ ಅಂತ ಓದುತ್ತಾ ಕೂತೆ. ಗೋಡಂಬಿ, ಕೋಕೋ, ತೆಂಗು, ಸಕ್ಕರೆ. ಓದಿ ತಲೆಯೆತ್ತಿ ಕಿಟಕಿಯ ಹೊರಗೆ ನೋಡಿದರೆ ಸಕ್ಕರೆ ಒಂದು ಬಿಟ್ಟು ಉಳಿದದ್ದೆಲ್ಲ ನಮ್ಮ ಹಿತ್ತಲಲ್ಲೇ ನಿಂತಿತ್ತು!

ಗುಡ್ಡೆಯಲ್ಲಿ ಗೇರುಮರ, ಕೆಳಗೆ ಅಡಿಕೆತೋಟ, ಅಡಿಕೆಯ ನಡುವೆ ಕೊಕ್ಕೊ. ತೋಟದಲ್ಲಿರುವಾಗ ಅದು ಕೊಕ್ಕೊ, ಡಬ್ಬಿಗೆ ಹೋದಮೇಲೆ ಕೋಕೋ. ಈ ಎರಡು ಮರಗಳೂ ಇಲ್ಲಿಯವಲ್ಲ. ಎರಡರ ತವರೂ ದಕ್ಷಿಣ ಅಮೆರಿಕ. ಗೇರನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದರು, ಮಲಯಾಳದಲ್ಲಿ ಅದಕ್ಕೆ ಇವತ್ತಿಗೂ ಪರಂಗಿ ಮಾವು ಅನ್ನುತ್ತಾರೆ. ಕೊಕ್ಕೊ ನಮ್ಮ ತೋಟಗಳಿಗೆ ಜೋರಾಗಿ ಬಂದದ್ದು 1970ರ ದಶಕದಲ್ಲಿ. ಮಾವ ಗಿಡ ನೆಟ್ಟದ್ದೂ ಆಗಲೇ. ಆಮೇಲೆ ಬೆಲೆ ಬಿದ್ದು ತುಂಬಾ ಜನ ಗಿಡ ಕಡಿದರಂತೆ, ಮಾವ ಉದಾಸೀನದಿಂದ ಕಡಿಯದೆ ಬಿಟ್ಟರಂತೆ, ಆ ಉದಾಸೀನವೇ ಒಳ್ಳೆಯದಾಯಿತು. ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದವರು ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಶುರು ಮಾಡಿದ ಮೇಲೆ ಹಸಿಬೀಜಕ್ಕೆ ಒಂದು ದಾರಿ ಆಯಿತು. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯ ಕೊಕ್ಕೊ ಗೋಣಿಯಲ್ಲಿ ಹೋಗುತ್ತದೆ, ಗೇರುಬೀಜವೂ ಗೋಣಿಯಲ್ಲಿ ಹೋಗುತ್ತದೆ. ಸಮುದ್ರ ದಾಟಿ ಬಂದ ಇವೆರಡೂ ಇಷ್ಟು ವರ್ಷ ಒಂದೇ ಹಿತ್ತಲಲ್ಲಿದ್ದು, ನಮ್ಮ ಅಡುಗೆಮನೆಯಲ್ಲಿ ಒಮ್ಮೆಯೂ ಮುಖಾಮುಖಿ ಆಗಿರಲಿಲ್ಲ. ನಮ್ಮ ಮಕ್ಕಳು ಹಣ್ಣು ಒಡೆದು ಬೀಜದ ಸುತ್ತಲಿನ ಬಿಳಿ ತಿರುಳನ್ನು ಚೀಪಿ ಉಗಿಯುತ್ತಾರೆ, ಉಳಿದದ್ದು ಅಳಿಲಿಗೆ. ಕೊಕ್ಕೊ ಬೆಳೆದದ್ದಕ್ಕೆ ನಮಗೆ ಸಿಕ್ಕ ರುಚಿ ಅಷ್ಟೇ.

ಗೇರುಬೀಜ ಅಂದಾಗ ಅತ್ತೆ ಸ್ವಲ್ಪ ಸುಮ್ಮನಾಗುತ್ತಾರೆ. ಅವರ ತವರು ಎಣ್ಮಕಜೆಯ ಕಡೆ. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ಈ ಕಾಸರಗೋಡು ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾವಿಗೆ ತೆಂಗಿನ ಮಡಲು ಮುಚ್ಚುತ್ತಿದ್ದದ್ದನ್ನು ಅತ್ತೆ ಒಂದೆರಡು ಸಲ ಹೇಳಿದ್ದಾರೆ, ಮುಂದೆ ಹೇಳುವುದಿಲ್ಲ. ಸುಪ್ರೀಂ ಕೋರ್ಟು ಆ ಮದ್ದನ್ನೇ ದೇಶದಲ್ಲೆಲ್ಲ ನಿಷೇಧಿಸಿದ್ದು 2011ರಲ್ಲಿ. ನಮ್ಮ ಗುಡ್ಡೆಯ ಮರಗಳಿಗೆ ಯಾವ ಮದ್ದೂ ಬಿಡುವುದಿಲ್ಲ, ಬಂದಷ್ಟು ಬಂತು. ಆದರೂ ಮೊದಲ ಸಲ ನಾನು ಗೇರುಬೀಜ ನೆನೆಹಾಕಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಇದು ಯಾವ ಮರದ್ದು ಅಂತ.

ಯಾವ ಮರದ್ದೂ ಅಲ್ಲ, ಅಂಗಡಿಯದ್ದು. ಇದನ್ನು ಒಪ್ಪಿಕೊಳ್ಳಲೇಬೇಕು. ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಕೈ ಸುಟ್ಟು ಸಿಪ್ಪೆ ಏಳಿಸುತ್ತದೆ. ಬೇಸಗೆ ರಜೆಯಲ್ಲಿ ಬೀಜ ಸುಟ್ಟು ತಿಂದವರಿಗೆ ತುಟಿ ಹುಣ್ಣಾದದ್ದು ನೆನಪಿರಬಹುದು. ಸುಟ್ಟರೆ ಬೊಂಡು, ಅಂದರೆ ಒಳಗಿನ ತಿರುಳು, ಕಪ್ಪಾಗಿ ಹೊಗೆ ವಾಸನೆ ಬರುತ್ತದೆ, ತಿನ್ನಲು ಸ್ವರ್ಗ, ಐಸ್‌ಕ್ರೀಮಿಗೆ ಆಗದು. ನಮಗೆ ಬೇಕಾದದ್ದು ಬಿಳಿ ಬೊಂಡು. ಅದನ್ನು ಕಾರ್ಖಾನೆಯಲ್ಲಿ ಹಬೆ ಕೊಟ್ಟು, ಒಡೆದು, ಒಣಗಿಸಿ, ಒಳಗಿನ ತೆಳು ಕೆಂಪು ಸಿಪ್ಪೆಯನ್ನೂ ತೆಗೆದು ಕೊಡುತ್ತಾರೆ. ಹಾಗಾಗಿ ನಾವು ಬೀಜ ಮಾರಿ ಬೊಂಡು ಕೊಂಡುಕೊಳ್ಳುತ್ತೇವೆ, ಲೆಕ್ಕ ಹಾಕಿದರೆ ಬೇಜಾರಾಗುತ್ತದೆ, ಹಾಕಬೇಡಿ. ಒಂದು ಉಪಾಯ ಹೇಳುತ್ತೇನೆ. ಅಂಗಡಿಯಲ್ಲಿ 240, 320 ಅಂತ ನಂಬರು ಇರುವುದು ಒಂದು ಪೌಂಡಿಗೆ ಎಷ್ಟು ಇಡೀ ಬೊಂಡು ತೂಗುತ್ತದೆ ಅನ್ನುವ ಲೆಕ್ಕ. ನಂಬರು ಸಣ್ಣದಾದಷ್ಟೂ ಬೊಂಡು ದೊಡ್ಡದು, ಬೆಲೆಯೂ ದೊಡ್ಡದು. ಅದು ಲಾಡಿನ ಮೇಲೆ ಕೂರಿಸಲು ಬೇಕು. ಹೇಗೂ ಕಡೆದು ಹಿಟ್ಟು ಮಾಡುವ ನಮಗೆ ತುಂಡು ಸಾಕು, ಕ್ರಯ ಎಷ್ಟೋ ಕಮ್ಮಿ. ಹುರಿದದ್ದು, ಉಪ್ಪು ಹಾಕಿದ್ದು ಬೇಡ. ಕಾಸರಗೋಡು ಪೇಟೆಯ ಅಂಗಡಿಯವರ ಹತ್ತಿರ ನಾನು ಗೋಡಂಬಿ ತುಂಡು ಅಂದರೆ ಅವರು ಮಲಯಾಳದಲ್ಲಿ ಅಂಡಿಪ್ಪರಿಪ್ಪು ಅನ್ನುತ್ತಾರೆ, ಇಬ್ಬರಿಗೂ ಅರ್ಥವಾಗುತ್ತದೆ, ತೂಕದಲ್ಲಿ ಮಾತ್ರ ಕಣ್ಣಿಡಬೇಕು.

ಮೊದಲ ಸಲ ಮಾಡಿದ್ದು ಕಲ್ಲಾಯಿತು. ನಿಜವಾಗಿ ಕಲ್ಲು, ಸಟ್ಟುಗ ಬಗ್ಗಿತು. ಮಗುವಿಗೆ ಸಕ್ಕರೆ ಜಾಸ್ತಿ ಬೇಡ ಅಂತ ನಾನು ಅರ್ಧಕ್ಕರ್ಧ ಕಡಿಮೆ ಮಾಡಿದ್ದೆ. ಆಗ ಗೊತ್ತಿರಲಿಲ್ಲ, ಐಸ್‌ಕ್ರೀಮಿನಲ್ಲಿ ಸಕ್ಕರೆ ಇರುವುದು ಬರೀ ಸಿಹಿಗಲ್ಲ. ನೀರಿನಲ್ಲಿ ಸಕ್ಕರೆ ಕರಗಿದಷ್ಟೂ ಅದು ಹೆಪ್ಪುಗಟ್ಟಲು ಇನ್ನಷ್ಟು ಚಳಿ ಬೇಕು. ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲೂ ಒಂದಷ್ಟು ನೀರು ಪಾಕವಾಗಿಯೇ ಉಳಿಯುತ್ತದೆ, ಚಮಚ ಇಳಿಯುವುದು ಆ ಪಾಕದಿಂದ. ಸಕ್ಕರೆ ಕಡಿಮೆ ಮಾಡಿದರೆ ಸಿಗುವುದು ಚಾಕಲೇಟ್ ಬಣ್ಣದ ಮಂಜುಗಡ್ಡೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತದೆ ಅನ್ನುವುದು ಇನ್ನೊಂದು. ಹಿಟ್ಟು ಬಿಸಿ ಇರುವಾಗ ರುಚಿ ನೋಡಿ, ಅಯ್ಯೋ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಿದರೆ ಸರಿ ಇದೆ ಅಂತ ಅರ್ಥ.

ಎರಡನೇ ಸಲ ಮರಳಾಯಿತು. ಕಣಿ ಕಣಿ. ಕರೆಂಟಿನ ವೋಲ್ಟೇಜು ಮೇ ತಿಂಗಳಲ್ಲಿ ಹೇಗಿರುತ್ತದೆ ಗೊತ್ತಲ್ಲ, ಮಿಕ್ಸಿ ಅಳುತ್ತಾ ತಿರುಗುತ್ತಿತ್ತು, ಇನ್ನು ಸಾಕು ಅಂತ ನಿಲ್ಲಿಸಿದೆ. ಸಾಕಾಗಿರಲಿಲ್ಲ. ಬಟ್ಟೆಯಲ್ಲಿ ಸೋಸಿದರೆ ಸರಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಸೋಸಿದರೆ ಬೊಂಡಿನ ಒಳ್ಳೆಯ ಅಂಶವೇ ಬಟ್ಟೆಯಲ್ಲಿ ಉಳಿಯುತ್ತದೆ. ಗೋಡಂಬಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೊಬ್ಬು, ಜೊತೆಗೆ ಪ್ರೋಟೀನು, ಪಿಷ್ಟ. ಕೊಬ್ಬು ನಯ ಕೊಡುತ್ತದೆ, ಪಿಷ್ಟ ನೀರನ್ನು ಹಿಡಿದಿಟ್ಟು ಮಂಜಿನ ಹರಳು ದೊಡ್ಡದಾಗದಂತೆ ನೋಡುತ್ತದೆ. ಹಾಲಿನ ಐಸ್‌ಕ್ರೀಮಿನಲ್ಲಿ ಕೆನೆ, ಹಾಲಿನ ಪುಡಿ ಎಲ್ಲ ಸೇರಿ ಮಾಡುವ ಕೆಲಸವನ್ನು ಇಲ್ಲಿ ಒಂದು ಬೊಂಡು ಮಾಡಬೇಕು. ಅದು ಮಾಡಬೇಕಾದರೆ ಕಡೆಯುವುದು ನುಣ್ಣಗಿರಬೇಕು. ನೀರುದೋಸೆ ಹಿಟ್ಟಿನಷ್ಟು ನುಣ್ಣಗೆ ಸಾಲದು, ಬೆರಳ ನಡುವೆ ತಿಕ್ಕಿದರೆ ಎಣ್ಣೆ ತಿಕ್ಕಿದ ಹಾಗೆ ಜಾರಬೇಕು.

ಮೂರನೆಯ ಸಲದಿಂದ ಸರಿಯಾಯಿತು. ಈಗ ನನ್ನ ಅಳತೆ ಹೀಗೆ. ಗೋಡಂಬಿ ತುಂಡು 150 ಗ್ರಾಂ, ರಾತ್ರಿಯೇ ನೀರಿಗೆ ಹಾಕಿಡುವುದು. ಮರೆತರೆ ಕುದಿಯುವ ನೀರು ಹೊಯ್ದು ಒಂದು ಗಂಟೆ. ನೆನೆದ ನೀರು ಚೆಲ್ಲಿ ತೊಳೆದು, 300 ಮಿಲಿ ಹೊಸ ನೀರಲ್ಲಿ ಮೊದಲು ಸ್ವಲ್ಪವೇ ಹಾಕಿ ದಪ್ಪಗೆ ಕಡೆಯಬೇಕು. ಒಟ್ಟಿಗೇ ನೀರು ಸುರಿದರೆ ತುಂಡುಗಳು ಬ್ಲೇಡಿಗೆ ಸಿಗದೆ ಈಜಾಡುತ್ತಿರುತ್ತವೆ. ಮಿಕ್ಸಿಯಾದರೆ ಒಂದೊಂದು ನಿಮಿಷ ತಿರುಗಿಸಿ, ಜಾರು ಬಿಸಿಯಾದರೆ ನಿಲ್ಲಿಸಿ, ಹೀಗೆ ಐದಾರು ಸಲ. ಗ್ರೈಂಡರಿದ್ದರೆ ಅದಕ್ಕೇ ಹಾಕಿ ಬೇರೆ ಕೆಲಸ ನೋಡಿಕೊಳ್ಳಿ, ಅದರಷ್ಟು ನಯ ಯಾವ ಮಿಕ್ಸಿಗೂ ಬರುವುದಿಲ್ಲ.

ಒಂದು ಬಾಣಲೆಯಲ್ಲಿ 130 ಗ್ರಾಂ ಸಕ್ಕರೆ, 40 ಗ್ರಾಂ ಕೋಕೋ ಪೌಡರ್, ಎರಡು ಚಿಟಿಕೆ ಉಪ್ಪು, ಉಳಿಸಿಕೊಂಡ ನೀರಲ್ಲಿ ಸ್ವಲ್ಪ ಬಿಸಿ ಮಾಡಿ ಹಾಕಿ ಗಂಟಿಲ್ಲದಂತೆ ಕಲಸಿ. ಪೌಡರನ್ನು ತಣ್ಣೀರಿಗೆ ಹಾಕಬೇಡಿ, ತೇಲುತ್ತಾ ನಿಮ್ಮನ್ನೇ ನೋಡುತ್ತದೆ. ಬಿಸಿನೀರು ಸೋಕಿದಾಗಲೇ ಅದರ ಪರಿಮಳವೂ ಏಳುವುದು. ಇದಕ್ಕೆ ಕಡೆದ ಗೋಡಂಬಿ, ಉಳಿದ ನೀರು, 150 ಮಿಲಿ ದಪ್ಪ ಕಾಯಿಹಾಲು ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಐದಾರು ನಿಮಿಷ. ಇಲ್ಲಿ ಫೋನು ಬಂದರೆ ಎತ್ತಬೇಡಿ, ತಳ ಹಿಡಿಯುತ್ತದೆ. ಪಿಷ್ಟ ಬೆಂದು ಮಿಶ್ರಣ ದಪ್ಪವಾಗಿ ಸೌಟಿನ ಬೆನ್ನಿಗೆ ಅಂಟಿಕೊಳ್ಳಲು ಶುರುವಾದಾಗ ಉರಿ ಆರಿಸಿ, 60 ಗ್ರಾಂ ಕಪ್ಪು ಚಾಕಲೇಟು ಮುರಿದು ಹಾಕಿದರೆ ತಾನೇ ಕರಗುತ್ತದೆ. ಚಾಕಲೇಟಿನ ಹಿಂದಿನ ಅಕ್ಷರ ಓದಿಯೇ ಕೊಳ್ಳಿ, ಡಾರ್ಕ್ ಅಂತ ಮುಂದೆ ಬರೆದು ಹಿಂದೆ ಹಾಲಿನ ಅಂಶ ಸೇರಿಸಿದ್ದು ಎಷ್ಟೋ ಇವೆ. ಚಾಕಲೇಟು ಇನ್ನೂ ಜಾಸ್ತಿ ಹಾಕಿದರೆ ಇನ್ನೂ ರುಚಿ ಅನ್ನುವುದೂ ಸುಳ್ಳು. ಕೋಕೋ ಬೆಣ್ಣೆ ಚಳಿಗೆ ಗಟ್ಟಿಯಾಗಿ ಬಾಯಲ್ಲಿ ಮೇಣದ ಹಾಗೆ ಕೂರುತ್ತದೆ, ಕರಗಲು ಮೈಯ ಬಿಸಿಯ ಹತ್ತಿರ ಬೇಕು ಅದಕ್ಕೆ. ಪರಿಮಳಕ್ಕೆ ಪೌಡರು, ಮೈಗೆ ಚಾಕಲೇಟು, ಅಷ್ಟೆ. ತೆಂಗಿನೆಣ್ಣೆ ಸುರಿಯುವವರಿಗೂ ಇದೇ ಮಾತು. ಅದು 24 ಡಿಗ್ರಿಗೇ ಗಟ್ಟಿಯಾಗುತ್ತದೆ, ಧನುರ್ಮಾಸದ ಬೆಳಿಗ್ಗೆ ತಲೆಗೆ ಹಚ್ಚಲು ಹೋಗಿ ಬಾಟಲಿ ತಲೆಕೆಳಗೆ ಹಿಡಿದು ನಿಂತವರಿಗೆ ಗೊತ್ತು.

ಆರಿಸಿ, ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ತಣ್ಣಗೆ ಮಾಡಿ. ಐಸ್‌ಕ್ರೀಮು ಮೆಷಿನು ನನ್ನಲ್ಲಿ ಇಲ್ಲ, ಕೊಳ್ಳುವ ಆಸೆಯೂ ಇಲ್ಲ. ಆಗಾಗ ಹೊರತೆಗೆದು ಕಲಕುವ ಕ್ರಮವನ್ನು ಎಲ್ಲರೂ ಹೇಳುತ್ತಾರೆ. ಮಾಡಿ ನೋಡಿದೆ. ಮಧ್ಯಾಹ್ನ ನಿದ್ದೆ ಹೋಯಿತು, ಐಸ್‌ಕ್ರೀಮು ಸುಮಾರಾಗಿ ಬಂತು. ಈಗ ಮಿಶ್ರಣವನ್ನು ಐಸ್ ಟ್ರೇಗಳಿಗೆ ಹೊಯ್ದು ರಾತ್ರಿಯಿಡೀ ಫ್ರೀಜರಿನಲ್ಲಿಡುತ್ತೇನೆ. ಮರುದಿನ ಆ ತುಂಡುಗಳನ್ನು ಹತ್ತು ನಿಮಿಷ ಹೊರಗಿಟ್ಟು, ಸ್ವಲ್ಪ ಸ್ವಲ್ಪವಾಗಿ ಮಿಕ್ಸಿಗೆ ಹಾಕಿ ತಿರುಗಿಸಿದರೆ ಮೊದಲು ಮರದ ಹೊಟ್ಟಿನ ಹಾಗೆ ಉದುರುದುರು, ಹೆದರಬೇಡಿ, ಬದಿಯಿಂದ ತಳ್ಳಿ ಇನ್ನೊಮ್ಮೆ ತಿರುಗಿಸಿದರೆ ಒಮ್ಮೆಲೇ ಒಂದಾಗಿ ಬೆಣ್ಣೆಯ ಹಾಗೆ ಸುತ್ತಲು ಶುರುವಾಗುತ್ತದೆ. ಹರಳೆಲ್ಲ ಪುಡಿಯಾಗುತ್ತದೆ, ಸ್ವಲ್ಪ ಗಾಳಿಯೂ ಸೇರುತ್ತದೆ. ತಕ್ಷಣ ಡಬ್ಬಿಗೆ ಒತ್ತಿ ತುಂಬಿ, ಮೇಲೆ ಬಾಡಿಸಿದ ಬಾಳೆಲೆಯೊಂದನ್ನು ಮೈಗೆ ತಾಗುವ ಹಾಗೆ ಮುಚ್ಚಿ ಮತ್ತೆ ಎರಡು ಗಂಟೆ. ಎಲ್ಲ ಸೇರಿ ಲೀಟರಿಗೆ ಸ್ವಲ್ಪ ಕಮ್ಮಿ ಆಗುತ್ತದೆ. ನಡುವೆ ಕರೆಂಟು ಹೋದರೆ ಫ್ರೀಜರಿನ ಬಾಗಿಲು ತೆಗೆಯದೆ ತಾಳ್ಮೆಯಿಂದಿರಿ. ಪೂರ್ತಿ ಕರಗಿ ಪುನಃ ಗಟ್ಟಿಯಾದರೆ ಮತ್ತೆ ಟ್ರೇ, ಮತ್ತೆ ಮಿಕ್ಸಿ, ಬೇರೆ ದಾರಿಯಿಲ್ಲ. ತಿನ್ನುವ ಹತ್ತು ಹದಿನೈದು ನಿಮಿಷ ಮೊದಲು ಹೊರಗಿಡಲು ಮರೆಯಬೇಡಿ.

ನೆಲಕಡಲೆಯಲ್ಲೂ ಮಾಡಿದೆ, ಅಗ್ಗ ಅಂತ. ಅದು ಕಡಲೆ ಐಸ್‌ಕ್ರೀಮು ಆಗುತ್ತದೆ, ಚಾಕಲೇಟು ಹಿಂದಿನ ಬೆಂಚಿಗೆ ಹೋಗುತ್ತದೆ. ಬಾದಾಮಿ ಎಷ್ಟು ಕಡೆದರೂ ಸ್ವಲ್ಪ ತರಿ ಉಳಿಯುತ್ತದೆ. ಸ್ವಂತ ರುಚಿ ತೋರಿಸಿಕೊಳ್ಳದೆ ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುವುದು ಗೋಡಂಬಿ ಮಾತ್ರ. ಬೆಲ್ಲ ಹಾಕಬಹುದಾ ಅಂತ ನಾದಿನಿ ಕೇಳಿದ್ದಳು. ಓಲೆಬೆಲ್ಲ ಹಾಕಿದರೆ ಪರಿಮಳ ಚೆನ್ನಾಗಿದೆ, ಆದರೆ ಪೂರ್ತಿ ಅದೇ ಆದರೆ ಚಾಕಲೇಟು ಕಾಣೆಯಾಗುತ್ತದೆ, ಸಕ್ಕರೆಯ ಕಾಲುಭಾಗಕ್ಕೆ ಸರಿ. ಇನ್ನೊಂದು ಮಾತು, ಗೋಡಂಬಿ ಆಗದವರೂ ಇದ್ದಾರೆ. ಬೇರೆಯವರ ಮಕ್ಕಳಿಗೆ ಕೊಡುವ ಮೊದಲು ಕೇಳಿ. ಹಾಲಿಲ್ಲ ಅಂದ ಕೂಡಲೇ ಎಲ್ಲರಿಗೂ ಆಗುತ್ತದೆ ಅಂತಲ್ಲ.

ಮಗಳು ಮೂರು ಸಲ ಹಾಕಿಸಿಕೊಂಡಳು. ಗಾಜಿನ ಬಟ್ಟಲು ಬೇಡ, ಉಜ್ಜಿ ನಯ ಮಾಡಿದ ತೆಂಗಿನ ಗೆರಟೆಯಲ್ಲೇ ಬೇಕಂತೆ ಅವಳಿಗೆ. ಬೆಂಗಳೂರಿನಿಂದ ಬಂದಿದ್ದ ಭಾವ ಎರಡು ಚಮಚ ತಿಂದು, "ದನ ಕರು ಹಾಕಿತಾ, ಹಾಲು ದಪ್ಪ ಇದೆ" ಅಂದರು. ಅತ್ತೆ ಏನೂ ಹೇಳಲಿಲ್ಲ. ತಿಂದಾದ ಮೇಲೆ ಅವರ ಗೆರಟೆ ನೋಡಿದೆ, ತೊಳೆಯಬೇಕಾದ ಹಾಗೆಯೇ ಇರಲಿಲ್ಲ.

ಮರುದಿನ ಅವರೇ ಕೇಳಿದರು, ಆ ಕಪ್ಪು ಪುಡಿ ನಮ್ಮ ಕೊಕ್ಕೊದಿಂದಲೇ ಆಗುವುದಾದರೆ ಡಬ್ಬಿ ಯಾಕೆ ಕೊಳ್ಳುವುದು ಅಂತ. ನನ್ನಲ್ಲಿ ಉತ್ತರ ಇರಲಿಲ್ಲ. ಈ ಸಲ ಗೋಣಿಗೆ ಹೋಗುವ ಮೊದಲು ಐದು ಕಿಲೋ ಹಸಿಬೀಜ ತೆಗೆದಿಟ್ಟೆವು. ಬುಟ್ಟಿಗೆ ಬಾಳೆಲೆ ಹಾಸಿ, ಬೀಜ ಸುರಿದು, ಮೇಲೆ ಎಲೆ ಮುಚ್ಚಿ, ಗೋಣಿ ಹೊದಿಸಿ, ಎರಡು ದಿನಕ್ಕೊಮ್ಮೆ ಮಗುಚುತ್ತಾ ಆರು ದಿನ ಹುಳಿ ಬರಿಸಬೇಕು. ಹಾಗೆ ಹುಳಿ ಬಾರದಿದ್ದರೆ ಚಾಕಲೇಟಿನ ಪರಿಮಳವೇ ಹುಟ್ಟುವುದಿಲ್ಲ. ಬೀಜ ಜಾಸ್ತಿ ಇದ್ದಷ್ಟೂ ಬುಟ್ಟಿ ಒಳಗಿಂದ ಚೆನ್ನಾಗಿ ಬಿಸಿಯಾಗುತ್ತದೆ, ಐದು ಕಿಲೋ ಕಮ್ಮಿಯೇ, ಅದಕ್ಕೆ ಅತ್ತೆ ಬುಟ್ಟಿಯನ್ನು ನೀರೊಲೆಯ ಹತ್ತಿರ ಸರಿಸಿದರು. ಮೂರನೇ ದಿನಕ್ಕೆ ಬಚ್ಚಲಿಡೀ ವಿನೆಗರಿನ ವಾಸನೆ. ಸ್ನಾನಕ್ಕೆ ಹೋದ ಮಾವ ಯಾವುದೋ ಹೆಗ್ಗಣ ಸತ್ತಿದೆ ಅಂತ ಟಾರ್ಚು ಹಿಡಿದು ಹುಡುಕುತ್ತಿದ್ದರು. ಆರನೇ ದಿನ ಅಂಗಳದಲ್ಲಿ ಹರಡಿದೆವು, ಎರಡು ಬಿಸಿಲು ಸಿಕ್ಕಿತು, ಮೂರನೇ ದಿನ ಮಧ್ಯಾಹ್ನ ಮಳೆ ಹಿಡಿಯಿತು. ಈಗ ಬೀಜವೆಲ್ಲ ಅಟ್ಟದಲ್ಲಿ, ಒಲೆಯ ಮೇಲೆ ಬರುವ ಜಾಗದಲ್ಲಿ ಚಾಪೆಯ ಮೇಲಿದೆ. ಅತ್ತೆ ದಿನಕ್ಕೆ ಎರಡು ಸಲ ಹತ್ತಿ ಹೋಗಿ ಒಂದು ಬೀಜ ಬೆರಳಲ್ಲಿ ಒತ್ತಿ ನೋಡಿ ಇಳಿಯುತ್ತಾರೆ. ಇನ್ನೂ ಒಡೆಯುವುದಿಲ್ಲವಂತೆ, ಬಗ್ಗುತ್ತದಂತೆ.